ಇಲಿಗೆ ಕಡಬು, ಆಕಿಗೆ ಮಷೀನು

ಕೊಟ್ಟೂರಾಗ ನನ್ನ ಕೈಯಾಗ ಮಂಗ ಆಗದ ಮನುಷ್ಯಾ ಒಬ್ಬನೂ ಇಲ್ಲ. ಇದು ಜಂಬ ಅಲ್ಲ, ಬೇಕಾದ್ರ ಯಾರನ್ನಾರ ಕೇಳ್ರಿ. ಬಸ್ ಕಂಡಕ್ಟರ್ ಇದ್ದಾಗ ಹರಪನಹಳ್ಳಿ ಗಾಡ್ಯಾಗ ಬಾಯಿ ತಕ್ಕೊಂಡು ನಿದ್ದಿ ಹೊಡಿಯೋರ್ನ "ಹಡಗಲಿ ಬಂತು, ಇಳೀರಿ ಇಳೀರಿ" ಅಂತ ಎಬ್ಬಿಸಿ, ನಡು ಹೊಲದಾಗ ಇಳಿಸಿ, ಅವರು ಗಾಬರಿಯಾಗಿ ನಾಕೂ ಕಡಿ ನೋಡಿದ ಮ್ಯಾಲೆ ನಕ್ಕು ಹತ್ತಿಸಿಕೊಂಡವ ನಾನು. ಮಂದಿ ಬೈದಾರ, ಮರುದಿನ ಅದೇ ಗಾಡಿಗೇ ಬಂದಾರ. ಅಂಥಾ ನನ್ನ ಮುಂದ ಇಲಿ ಅನ್ನೋ ಪ್ರಾಣಿ ಯಾವ ಲೆಕ್ಕ? ಮೀಸಿ ಇದ್ರೂ ಮುಖದಾಗ ಕಳಿ ಇಲ್ಲ. ಬಾಲ ಇದ್ರೂ ಒಂದು ನೊಣ ಓಡ್ಸಾಕ ಬರಂಗಿಲ್ಲ. ದುಡಿದು ತಿನ್ನಾದಿಲ್ಲ, ಬೇಡಿ ತಿನ್ನಾದಿಲ್ಲ. ಕದಿಯಾದಾದ್ರೂ ನೆಟ್ಟಗ ಕದಿಯಂಗಿಲ್ಲ, ಅರ್ಧ ತಿಂದು ಅರ್ಧ ಹೇಸಿಗಿ ಮಾಡಿ ಹೋಗ್ತೈತಿ. ಟಿಕೆಟ್ ಇಲ್ಲದ ಪ್ಯಾಸೆಂಜರ್ ಇದ್ರೂ ಸೀಟು ಹರಿಯಂಗಿಲ್ಲಪ್ಪ.

ಆದ್ರ ಹೋದ ಚೌತಿ ಮುಂದ ಈ ಪ್ರಾಣಿ ಸಲುವಾಗಿ ನಾನು ಮೊಣಕಾಲೂರಿ ಅಡಿಗಿಮನಿ ಮೂಲಿ ಮೂಲಿ ಮೂಸಿ ನೋಡೋಹಂಗಾತು. ಕಾರಣ ಹೇಳ್ತೀನಿ.

ನಮ್ಮನಿಯಾಕಿ ಕೈಬೆರಳು ಗಂಟು ಕಟ್ಯಾವು. ಮುಂಜಾನಿ ಎದ್ದ ಕೂಡ್ಲೆ ಮುಷ್ಟಿ ಮುಚ್ಚಾಕ ಬರಂಗಿಲ್ಲ, ಮುಚ್ಚಿದ್ದು ತಗಿಯಾಕ ಬರಂಗಿಲ್ಲ. ಡಾಕ್ಟರು "ತಣ್ಣೀರಾಗ ಕೈ ಇಡಬ್ಯಾಡ್ರಿ" ಅಂದುಬಿಟ್ರು. ಪಾತ್ರಿ ತಿಕ್ಕಾಕ ಬರೋಳು ಮಗಳ ಬಾಣಂತನ ಅಂತ ಹೋದಾಕಿ ಅಲ್ಲೇ ಉಳಿದ್ಳು. ಮಗ-ಸೊಸಿ ಇಬ್ರೂ ಕೂಡ್ಲಿಗಿ ಕಡಿ ಸಾಲಿಯಾಗ ಮಾಸ್ತರಿಕಿ ಮಾಡ್ತಾರ, ಮುಂಜಾನಿ ಬಸ್ಸಿಗೆ ಹೋದ್ರ ಸಂಜಿಗೇ ದರ್ಶನ. ಉಳಿದವ ಯಾರು? ನಾನು. ಹಿತ್ತಲ ನಳದ ಮುಂದ ಕುಂತು, ಲುಂಗಿ ಎತ್ತಿ ಕಟ್ಟಿ, ಮುಸುರಿ ಪಾತ್ರಿ ತಿಕ್ಕಿದೆ. ಬಾಜೂಮನಿ ಹೆಂಗಸ್ರು ಗ್ವಾಡಿ ಮ್ಯಾಲಿಂದ ಇಣುಕಿ, "ಕಂಡಕ್ಟರ್ ಸಾಹೇಬ್ರ, ನಮ್ದೂ ನಾಕು ಪಾತ್ರಿ ಅದಾವು, ಟಿಕೆಟ್ ಹರಿತೀರೇನು?" ಅಂತ ಕೇಳಿ ಕಿಸಕ್ಕಂತ ನಗೋರು. ಊರನ್ನ ನಗಿಸಿದವ ನಾನು, ಖರೆ. ಆದ್ರ ನಗೋದು ಯಾವಾಗ ಅನ್ನೋದು ನಾನು ಹೇಳಬೇಕು, ಅವರಲ್ಲ.

ಅದರಾಗೂ ನಾ ತಿಕ್ಕಿದ್ದು ಆಕಿ ಮನಸ್ಸಿಗೆ ಬರಂಗಿಲ್ಲ. "ಕೊಳಗದ ತಳ ನೋಡ್ರಿ, ಅನ್ನ ಅಂಟ್ಯೈತಿ" ಅಂತ ಮತ್ತ ತಾನೇ ನೀರಾಗ ಕೈ ಇಡಾಕ ಹೋಗಾಕಿ. ಕೈ ಬಾತು ಬದನಿಕಾಯಿ ಆಗೋದು. ಕಡಿಗೆ ಮಗನ ಕರಕೊಂಡು ಹಗರಿಬೊಮ್ಮನಹಳ್ಳಿ ಅಂಗಡಿಗೆ ಹೋಗಿ ಪಾತ್ರಿ ತೊಳಿಯೋ ಮಷೀನು ತಂದೆ. ಬೀರು ಅರ್ಧ ಕಡದಂಗ ಒಂದು ಡಬ್ಬಿ. ನಮ್ಮ ಓಣ್ಯಾಗ ಅದು ಮೊದಲನೇದು. ಡಬ್ಬಿ ಬಿಚ್ಚೋಕಿಂತ ಮೊದಲಾ ಆಕಿ ರಟ್ಟಿಗೆ ಕುಂಕುಮ ಹಚ್ಚಿ, ಹಡಗಲಿ ಮಲ್ಲಿಗಿ ಒಂದು ತುಂಡು ಇಟ್ಟು, ಪಡಸಾಲ್ಯಾಗ ಕುಂದ್ರಿಸಿದ್ಳು. ನೋಡಾಕ ಬಂದ ಹೆಂಗಸ್ರಿಗೆ ಚಾ ಕೊಟ್ಟಿದ್ದು ಆಕಿ. ಆ ಚಾ ಲೋಟ ತಿಕ್ಕಿದವ ನಾನು.

ಮಷೀನು ಹಚ್ಚೋ ಹುಡುಗ ಬಂದ. ಬೂಟು ಬಿಚ್ಚಿ ಅಡಿಗಿಮನಿಗೆ ಹೋದವ ಟಾರ್ಚ್ ಹಿಡಿದು ಫ್ರಿಜ್ ಹಿಂದ, ಜ್ವಾಳದ ಡ್ರಮ್ಮಿನ ಹಿಂದ, ಗ್ಯಾಸ್ ಕಟ್ಟಿ ಕೆಳಗ ಎಲ್ಲಾ ಬಗ್ಗಿ ನೋಡಿದ. ಆಮ್ಯಾಲೆ ಅಂಗೈಯಾಗ ಕರೇ ಕಾಳು ಇಟ್ಕೊಂಡು ಬಂದ.

"ಅಜ್ಜಾರ, ಇದೇನಿದು?"

"ಜೀರಗಿ."

"ಜೀರಗಿ ಅಲ್ರೀ, ಇಲಿ ಹಿಕ್ಕಿ."

"ಹಂಗಾರ ಕೆಳಗ ಒಗಿಯೋ, ಪ್ರಸಾದ ಹಿಡಕೊಂಡಂಗ ಹಿಡ್ದೀಯಲ್ಲ."

ಅವ ನಗಲಿಲ್ಲ. ಈಗಿನ ಹುಡುಗ್ರು ನಗಾಕೂ ಮೊಬೈಲ್ ಕೇಳ್ತಾವು. ಮಷೀನಿನ ಕೆಳಗ ಬೆಚ್ಚಗ ಇರ್ತೈತಿ, ನೀರಿನ ಪಸಿ ಇರ್ತೈತಿ, ವೈರು ಮೆತ್ತಗ ಇರ್ತಾವು, ಇಲಿಗೆ ಅದು ಅರಮನಿ ಇದ್ದಂಗ ಅಂದ. ಇಲಿ ಕಡದ್ರ ಕಂಪನಿಯವ್ರು ಜವಾಬ್ದಾರಿ ಅಲ್ಲ ಅಂದ. "ಒಂದೂ ಇಲಿ ಬರದಂಗ ಬಂದೋಬಸ್ತ್ ಮಾಡ್ರಿ. ಚೌತಿ ಮರುದಿನ ಮಧ್ಯಾಹ್ನ ಬರ್ತೀನಿ. ಅವತ್ತು ಇಲಿ ಐತಿ ಅಂತ ಕಂಡ್ರ ವಾಪಸ್ ಹೋಗ್ತೀನಿ, ಆಮ್ಯಾಲೆ ದೀಪಾವಳಿ ಆದ ಮ್ಯಾಲೇ ನನಗ ಪುರಸೊತ್ತು" ಅಂದ.

ದೀಪಾವಳಿತನ ಪಾತ್ರಿ! ಇಲ್ಲಾಂದ್ರ ಆಕಿ ಬೆರಳು. ಎರಡರಾಗ ಒಂದು.

ಮದ್ದು ಹಾಕಿ ಕೊಂದು ಒಗದ್ರ ಕೆಲಸ ಮುಗೀತಿತ್ತು. ಅದಕ ಆಕಿ ಬಿಡಲಿಲ್ಲ. "ಗಣಪ್ಪ ಬರೋ ಹೊತ್ತಿನ್ಯಾಗ ಅವನ ವಾಹನ ಕೊಲ್ತೀರೇನು?" ಅಂದ್ಳು.

"ಆ ವಾಹನಕ್ಕ ಪರ್ಮಿಟ್ ಇಲ್ಲ, ಬ್ರೇಕ್ ಇಲ್ಲ. ಸೀಜ್ ಮಾಡೋದು ನ್ಯಾಯ" ಅಂದೆ.

"ಕೊಂದ್ರ ನಾ ಆ ಮಷೀನ್ ಮುಟ್ಟಂಗಿಲ್ಲ."

ಅಷ್ಟೊತ್ತಿಗೆ ಆಕಿ ತಮ್ಮ ಹರಪನಹಳ್ಳಿಯಿಂದ ಬಂದ. ಈ ನನ್ನ ಭಾವಮೈದ ಜೀವಮಾನ ಎಲ್ಲಾ ಗೊಬ್ಬರ-ಔಷಧದ ಅಂಗಡಿ ಇಟ್ಕೊಂಡಿದ್ದವ. ಹುಳ ಯಾವುದು, ಔಷಧ ಯಾವುದು ಅಂತ ನಿದ್ದ್ಯಾಗೂ ಹೇಳ್ತಾನ. ಬದುಕಿನಾಗ ಒಂದು ಹುಳಾನಾರ ಅವನ ಮಾತು ಕೇಳಿ ಸತ್ತೈತೋ ಇಲ್ಲೋ, ರೈತರನ್ನ ಕೇಳಬೇಕು. ಸಕ್ರಿ ಕಾಯಿಲಿ ಬ್ಯಾರೆ ಐತಿ. ಆ ಕಾಯಿಲಿ ಬಂದ ಮ್ಯಾಲಿಂದ ಮಂದಿಗೆ ಬುದ್ಧಿ ಹೇಳೋದು ಇನ್ನೂ ಜಾಸ್ತಿ ಆಗೈತಿ. ತಾನು ತಿನ್ನಂಗಿಲ್ಲಲ್ಲ, ಬಾಯಿ ಖಾಲಿ ಇರ್ತೈತಿ.

"ಮಾವ, ಈ ಕಾಲದಾಗೆ ಬಿಲ ಮುಚ್ತಾ ಕುಂತ್ರೆ ಆಗ್ತೈತಾ?" ಅಂತ ಚೀಲದಾಗಿಂದ ಒಂದು ಬಿಳೇ ಡಬ್ಬಿ ತೆಗದ. ಕರೆಂಟಿಗೆ ಹಚ್ಚಿದ್ರ ನಮಗ ಕೇಳದಂಥಾ ಸಪ್ಪಳ ಬರ್ತೈತಂತ, ಇಲಿ ಕೇಳಿ ಊರು ಬಿಟ್ಟು ಓಡ್ತಾವಂತ. ಹಚ್ಚಿದ. ಮರುದಿನ ಮುಂಜಾನಿ ನೋಡಿದ್ರ ಆ ಡಬ್ಬಿ ಮ್ಯಾಲೇ ಹಿಕ್ಕಿ ಬಿದ್ದಿತ್ತು. ಡಬ್ಬಿ ಬೆಚ್ಚಗ ಇತ್ತಲ್ಲ, ಯಾವುದೋ ಇಲಿ ಪೂರಾ ಸಂಸಾರ ಕರಕೊಂಡು ಬಂದು ಕಾಸಿಕೊಂಡು ಹೋಗಿತ್ತು. ಆಮ್ಯಾಲೆ ಅಂಟು ರಟ್ಟು ತಂದ. ಅದರಾಗ ಸಿಕ್ಕಿದ್ದು ಅವನ ಎಡಗಾಲು. ಸೀಮಿಎಣ್ಣಿ ಹಚ್ಚಿ ನಾನೇ ಬಿಡಿಸಿದೆ. "ದೊಡ್ಡದು ಬಿತ್ತಪ್ಪ ಬಲಿಗೆ" ಅಂದೆ. ಸಿಟ್ಟಾಗಿ ಹರಪನಹಳ್ಳಿ ಗಾಡಿ ಹತ್ತಿ ಹೋದ.

ಹೋಗ್ಲಿ, ಪೀಡಾ ತೊಲಗಿತು ಅಂತ ನಾನು ಕೆಲಸ ಶುರು ಮಾಡಿದೆ. ನೋಡ್ರಿ, ಇಲಿ ಬಂದೋಬಸ್ತ್ ಅಂದ್ರ ಎಲ್ಲಾರೂ ಬಿಲ ಹುಡುಕ್ತಾರ. ಅದು ದಡ್ಡರ ಕೆಲಸ. ನಾನು ಸಂದಿ ಹುಡುಕಿದೆ. ಒಂದು ಪೆನ್ಸಿಲ್ ತಗೊಂಡೆ. ಪೆನ್ಸಿಲ್ ಹೋದಲ್ಲೆಲ್ಲಾ ಸಣ್ಣಿಲಿ ಹೋಗ್ತೈತಿ, ಇದು ನೆನಪಿಟ್ಕೋರಿ. ನಮ್ದು ಹಳೇ ಮಾಳಿಗಿ ಮನಿ, ಕಲ್ಲು ಮಣ್ಣಿನ ಗ್ವಾಡಿ. ಮಗ ಅರ್ಧಕ್ಕ ಟೈಲ್ಸ್ ಹಚ್ಚಿಸ್ಯಾನ. ಮುದಿಕಿಗೆ ಪೌಡರ್ ಹಚ್ಚಿದಂಗ, ಮ್ಯಾಲೆ ಬೆಳ್ಳಗ, ಹಿಂದ ಪೂರಾ ಪೊಳ್ಳು. ಗ್ಯಾಸಿನ ಪೈಪ್ ಹೊರಗ ಹೋದ ತೂತು, ಕಡಪಾ ಕಲ್ಲಿಗೂ ಗ್ವಾಡಿಗೂ ನಡುವಿನ ಸಂದಿ, ತೊಲಿ ಗ್ವಾಡ್ಯಾಗ ಕುಂತ ಕಡಿ, ಬಚ್ಚಲ ಮೋರಿ, ಬಾಗ್ಲಾ ಕೆಳಗಿನ ಸವಕಲು. ಪೆನ್ಸಿಲ್ ಹೋತು, ಹೋತು, ಹೋತು. ಒಂದು ಕಡಿ ಪೆನ್ಸಿಲ್ಲೇ ವಾಪಸ್ ಬರಲಿಲ್ಲ.

ಬರೇ ಸಿಮೆಂಟ್ ಹಾಕಿದ್ರ ಇಲಿ ಅದನ್ನ ಚಕ್ಕುಲಿ ತಿಂದಂಗ ತಿಂತೈತಿ. ಊರ ಹೊರಗ ಬಾರಿನ ಹಿಂದ ಹೋಗಿ ಒಂದು ಬುಟ್ಟಿ ಒಡಕು ಬಾಟ್ಲಿ ಆರಿಸಿ ತಂದೆ. ಒಬ್ಬ ಪರಿಚಯದವ ನೋಡಿ, "ಏನಜ್ಜಾ, ಈ ವಯಸ್ಸಿನ್ಯಾಗ ಖಾಲಿ ಬಾಟ್ಲಿಗೆ ಬಂದ್ಯೇನು?" ಅಂದ. "ತುಂಬಿದ್ದು ನಿಮ್ಮಪ್ಪ ಬಿಡಲಿಲ್ಲಪ್ಪ" ಅಂದೆ. ಗಾಜು ಕುಟ್ಟಿ, ಸಿಮೆಂಟಿನಾಗ ಕಲಿಸಿ, ಒಳಗ ಪಾತ್ರಿ ತಿಕ್ಕೋ ತಂತಿ ಬ್ರಶ್ಶು ತುರುಕಿ, ಮ್ಯಾಲೆ ಮೆತ್ತಿದೆ. ಮೋರಿಗೆ ಸಣ್ಣ ಕಣ್ಣಿನ ಜಾಳಗಿ. ಬಾಗ್ಲಾ ಕೆಳಗ ತಗಡು. ಕಿಡಕಿಗೆ ದಪ್ಪ ತಂತಿ ಬಲಿ. ಎಲ್ಲಾದಕ್ಕಿಂತ ದೊಡ್ಡದು ಜ್ವಾಳದ ಡ್ರಮ್ಮಿನ ಹಿಂದಿನ ಬಿಲ. ನಮ್ಮಪ್ಪನ ಕಾಲದ್ದು. ಅದರಾಗ ಹೆಗ್ಗಣ ಪಂಜಾ ಬೀಸ್ಕೊಂತ ಬರಬಹುದಿತ್ತು, ಅಷ್ಟು ಅಗಲ. ಅದಕ ಅರ್ಧ ಬುಟ್ಟಿ ಗಾಜು ಕುಡಿಸಿದೆ.

ಸಂಜಿಗೆ ನೆಲದ ಮ್ಯಾಲೆ ಜ್ವಾಳದ ಹಿಟ್ಟು ತೆಳ್ಳಗ ಉದುರಿಸಿ, ಮುಂಜಾನಿ ಹೆಜ್ಜಿ ನೋಡೋದು. ಮೊದಲು ಜಾತ್ರಿ ನೆರದಂಗ ಹೆಜ್ಜಿ. ಆಮ್ಯಾಲೆ ಎರಡು ಮೂರು. ಚೌತಿ ಹೊತ್ತಿಗೆ ಹಿಟ್ಟು ಹಂಗೇ, ಮುಟ್ಟಲಾರದ ಹಂಗ ಬೆಳ್ಳಗ. ಬಾಜೂಮನಿ ಹೆಂಗಸ್ರನ್ನೂ ಕರದು ತೋರಿಸಿದೆ. "ಹೆಂಗೈತಿ ಕಂಡಕ್ಟರನ ಗಾಡಿ? ಒಂದು ಬಿಟ್ಟಿ ಪ್ಯಾಸೆಂಜರ್ ಐತೇನು ನೋಡ್ರಿ" ಅಂದೆ.

ಚೌತಿ ಮುಗೀತು. ಮಗ-ಸೊಸಿ ಹಬ್ಬದ ಊಟ ಮುಗಿಸಿ ಬೀಗರ ಊರಿಗೆ ಹೋದ್ರು. ಮರುದಿನ ಮುಂಜಾನಿ ಆಕಿ ಕಡಬು ಮಾಡಿ, ತಟ್ಟಿಯಾಗ ಎರಡು ಇಟ್ಟು, ಮ್ಯಾಲೆ ತುಪ್ಪ ಹಾಕ್ಕೊಂಡು ಡ್ರಮ್ಮಿನ ಕಡಿ ಬಂದ್ಳು.

"ಏನ್ರಿ, ಬಿಲ ಎಲ್ಲಿ?"

ಅವಾಗ ನನಗ ನೆನಪಾತು, ಅವತ್ತು ಇಲಿವಾರ. ನಮ್ಮ ಕಡಿ ಚೌತಿ ಮರುದಿನ ಇಲಿಗೆ ಕಡಬಿನ ಎಡಿ ಇಡ್ತಾರ. ಅವತ್ತು ಕತ್ತರಿ ಮುಟ್ಟಂಗಿಲ್ಲ, ಬಟ್ಟಿ ಹರಿಯಂಗಿಲ್ಲ. ವರ್ಷ ಪೂರಾ ಕಡಿಯೋ ಕಳ್ಳಗ ಒಂದು ದಿನ ಬೀಗರೂಟ. ಇಂಥಾ ಮರ್ಯಾದಿ ನನಗ ಯಾರೂ ಮಾಡಿಲ್ಲ.

"ಮುಚ್ಚೀನಿ" ಅಂದೆ.

"ಯಾವುದು?"

"ಎಲ್ಲಾ."

"ಒಂದೂ ಬಿಟ್ಟಿಲ್ಲ?"

"ಬಿಡಾಕ ನಾನೇನು ಇಲಿಗೆ ಛತ್ರ ನಡಿಸೀನೇನು?"

ಆಕಿ ತಟ್ಟಿ ಹಿಡ್ಕೊಂಡು ಅಲ್ಲೇ ನಿಂತ್ಳು. "ನಿಮ್ಮವ್ವ ಒಂದು ವರ್ಷ ಎಡಿ ಇಡೋದು ಮರತಿದ್ರು. ಹೊಸಾ ಇಳಕಲ್ ಸೀರಿ ಸೆರಗೇ ಉಳಿಲಿಲ್ಲ, ನೀವೇ ನೋಡೀರಿ. ಇದರ ಹೊಟ್ಟಿ ತುಂಬಿಸಲಾರದ ಮನ್ಯಾಗ ಹೊಸಾ ವಸ್ತು ಹಚ್ಚೋದು ಬ್ಯಾಡ. ಆ ಹುಡುಗಗ ಬರಬ್ಯಾಡ ಅಂತ ಫೋನ್ ಮಾಡ್ರಿ. ಪಾತ್ರಿ ನಾನೇ ತಿಕ್ಕತೀನಿ. ಇಷ್ಟು ದಿನ ತಿಕ್ಕಿಲ್ಲೇನು?"

ಹಂಗಂದು ಬಾತ ಬೆರಳಿಲೆ ತಟ್ಟಿ ಗಟ್ಟಿ ಹಿಡಿಯಾಕ ನೋಡಿದ್ಳು. ತಟ್ಟಿ ವಾಲಿ ತುಪ್ಪ ಅಂಚಿಗೆ ಬಂತು. ಸುಳ್ಳು ಹೇಳಾಕಿ ಅಲ್ಲ ಆಕಿ, ತಿಕ್ಕತೀನಿ ಅಂದ್ರ ತಿಕ್ಕೇ ಬಿಡ್ತಾಳ.

"ಏ ಹುಚ್ಚಿ, ನಿನ್ನ ಚಾಷ್ಟಿ ಮಾಡಿದೆ. ಒಂದು ಬಿಟ್ಟೀನಿ. ಡ್ರಮ್ಮಿನ ಹಿಂದ ಮರಿಯಾಗೈತಿ. ನೀ ದೇವರ ದೀಪ ಹಚ್ಚಿ ಬಾ, ತೋರಸ್ತೀನಿ" ಅಂದೆ.

ಆಕಿ ಅತ್ತ ಹೋದ್ಲು, ನಾನು ಇತ್ತ ಮಗನ ಬೂಟ್ ಪಾಲಿಶ್ ತಗೊಂಡೆ. ಡ್ರಮ್ಮಿನ ಹಿಂದ ಸಿಮೆಂಟಿನ ಮ್ಯಾಲೆ ಒಂದು ಬಿಲ ಬರದೆ. ಬರೇ ಕರೇ ಉಂಡಿ ಅಲ್ರೀ. ಅಂಚಿಗೆ ಸ್ವಲ್ಪ ಬೂದಿ ತಿಕ್ಕಿ, ನಡುವ ದಟ್ಟಗ ಮಾಡಿ, ಒಳಗ ಆಳ ಕಾಣೋಹಂಗ. ಕೆಳಗ ನಾಕು ಕಾಳು ಜ್ವಾಳ ಚೆಲ್ಲಿದೆ. ಇಲಿ ಬಂದ್ರೂ ಹೋಗಿ ಹಣಿ ಬಡ್ಕೋಬೇಕು, ಅಂಥಾ ಬಿಲ. ಆ ಮೂಲ್ಯಾಗ ಕತ್ತಲ, ಆಕಿ ಕನ್ನಡಕ ದೂರದ್ದು. ಬಗ್ಗಿ ತಟ್ಟಿ ಇಟ್ಟು, ಕೈ ಮುಗದು, "ಇಲಿರಾಯಾ, ಹೊಟ್ಟಿ ತುಂಬ ತಿನ್ನಪ್ಪ, ನಮ್ಮ ಮಷೀನ್ ಕಡೀಬ್ಯಾಡ" ಅಂದ್ಳು. ತಿನ್ನೋದನ್ನ ನಾವು ನೋಡಬಾರ್ದಂತ, ಬಾಗ್ಲಾ ಮುಂದ ಮಾಡಿ ಇಬ್ರೂ ಹೊರಗ ಬಂದ್ವಿ. ಆಕಿ ಬಾಜೂಮನಿಗೆ ಕಡಬು ಕೊಡಾಕ ಹೋದ್ಲು. ನಾನು ಮಷೀನಿಗೆ ಬೇಕಾದ ನಳದ ತೋಟಿ ತರಾಕ ಬಜಾರಕ್ಕ ಹೋದೆ. ಆಕಿ ಬರೋ ಹೊತ್ತಿಗೆ ಕಡಬು ಇದ್ದಂಗ ಇದ್ರ, "ಇಲಿಗೆ ನಾಚಿಗಿ ಬಂದೈತಿ" ಅಂತ ಏನರ ಹೇಳಿದ್ರಾತು ಅಂತ ಲೆಕ್ಕ ಹಾಕಿದ್ದೆ.

ತಿರುಗಿ ಬಂದ್ರ ಪಡಸಾಲ್ಯಾಗ ಭಾವಮೈದ! ಹಬ್ಬದೂಟಕ್ಕ ಬಂದಿದ್ದ. ಸಿಟ್ಟು ಹರಪನಹಳ್ಳ್ಯಾಗ ಬಿಟ್ಟು ಬಂದಿದ್ದ, ಹೊಟ್ಟಿ ತಂದಿದ್ದ. ಮಂಚದ ಮ್ಯಾಲೆ ಕಣ್ಣು ಮುಚ್ಚಿ ಮಲಗಿದ್ದ. ಅಡಿಗಿಮನಿಯಿಂದ ಆಕಿ ಕುಣಿಯೋದೊಂದು ಬಾಕಿ, ಹಂಗ ಬಂದ್ಳು.

"ಏನ್ರಿ, ತಿಂದೈತಿ! ಎರಡೂ ತಿಂದೈತಿ! ಒಂದು ಚೂರು ಬಿಟ್ಟಿಲ್ಲ!"

ಬರದ ಬಿಲದಾಗಿಂದ ಇಲಿ ಹೆಂಗ ಬಂತು? ಹಂಗಾರ ಎಲ್ಲೋ ಒಂದು ಸಂದಿ ಉಳದೈತಿ, ಒಳಗ ಒಂದು ಸೇರ್ಕೊಂಡೈತಿ.

ಭಾವಮೈದ ಒಂದು ಕಣ್ಣು ತಗದ. "ಏನು ಮಾವ, ಗಾಜು ಗೀಜು ಹಾಕಿ ಭಾರೀ ಬಂದೋಬಸ್ತ್ ಮಾಡೀನಿ ಅಂತ ಫೋನಲ್ಲಿ ಅಂತಿದ್ದೆ? ಹಗಲೊತ್ತಲ್ಲೇ ಬಂದು ಊಟ ಮಾಡಿ ಹೋಗೈತೆ! ಆ ಹುಡುಗ ಬರ್ಲಿ, ನಾನೇ ಹೇಳ್ತೀನಿ, ಮನೆ ತುಂಬ ಇಲಿ ಅದಾವೆ ಅಂತ."

"ನಾನೂ ಹೇಳ್ತೀನಿ" ಅಂದ್ಳು ಆಕಿ, ಪಾಪ, ಸಂತೋಷದಾಗ. "ನಮ್ಮನಿ ಇಲಿ ಎಡಿ ಮುಟ್ಟೈತಿ, ಇನ್ನ ಮಷೀನಿಗೆ ಏನೂ ಆಗಂಗಿಲ್ಲಪ್ಪ ಅಂತ."

ಆ ಹುಡುಗ ಅದನ್ನ ಕೇಳಿದ್ರ ಬೂಟೂ ಬಿಚ್ಚಂಗಿಲ್ಲ, ನೆಟ್ಟಗ ದೀಪಾವಳಿಗೆ ಹೋಗ್ತಾನ. ನಾನು ಒಳಗ ಹೋಗಿ ತಟ್ಟಿ ನೋಡಿದೆ. ನೋಡಿ ನನಗ ನಗು ಬಂತು. ಇಲಿ ತಿಂದ್ರ ಅಂಚು ಕಡದು, ಪುಡಿ ಉದುರಿಸಿ, ಸುತ್ತ ಹೇಸಿಗಿ ಮಾಡಿ ಹೋಗ್ತೈತಿ. ಈ ತಟ್ಟಿಯಾಗ ಒಂದು ಪುಡಿ ಇಲ್ಲ. ತುಪ್ಪಾನ ಬೆರಳಿಲೆ ಸುತ್ತಲೂ ಒರಸಿ ನೆಕ್ಕೈತಿ, ಬೆರಳಿನ ಗೆರಿ ಮೂಡ್ಯಾವು. ಇಂಥಾ ಶಿಸ್ತಿನ ಇಲಿ ಹರಪನಹಳ್ಳಿ ತಾಲೂಕಿನ್ಯಾಗ ಒಂದೇ ಐತಿ.

ಹೊರಗ ಬಂದು ನೋಡಿದೆ. ಮೀಸ್ಯಾಗ ಒಣಕೊಬ್ಬರಿ ತುಣುಕು.

"ತಮ್ಮಾ, ನಿನಗೊಂದು ಕಡಬು ತರ್ಲೇನೋ?" ಅಂದ್ಳು ಆಕಿ ಅವನಿಗೆ.

"ಬ್ಯಾಡಕ್ಕ! ಸಕ್ಕರೆ ಕಾಯಿಲೆ. ಸಿಹಿ ಕಂಡ್ರೆ ವಾಕರಿಕೆ ಬರ್ತೈತೆ ನಂಗೆ" ಅಂದ, ಸನ್ಯಾಸಿಗತೆ ಕೈ ಅಲ್ಲಾಡಿಸಿ.

ನಾನು ಕುರ್ಚಿ ಎಳಕೊಂಡು ಕುಂತು, ನಿಧಾನಕ ಅಂದೆ, "ಪೂರಾ ತಿಂದೈತೇನು? ಚಲೋ ಆತು ಬಿಡು. ಅದರಾಗ ನಾನು ಔಷಧ ಹಾಕಿದ್ದೆ."

ಭಾವಮೈದ ಎದ್ದು ಕುಂತ.

"ಯಾವ ಔಷಧ?"

"ಹೆಸರು ಯಾರಿಗೆ ಗೊತ್ತಪ. ನಿನ್ನ ಅಂಗಡ್ಯಾಗಿಂದೇ, ಹಳೇದು. ಕರೇದೈತಿ."

"ಕರೇದಾ?"

"ಕರೇದು. ಒಂದು ಚಮಚಿ ಹೂರಣಕ್ಕ ಕಲಸಿದೆ. ತಾಸಿನ್ಯಾಗ ಕೆಲಸ ಆಗ್ತೈತಂತ. ಎಲ್ಲಿ ಬಿದ್ದೈತೋ ಹೆಣ, ನಾರೋಕಿಂತ ಮೊದಲಾ ಹುಡುಕಬೇಕು."

ಅವನ ಮುಖದಾಗ ಬಣ್ಣ ಇಳದಿದ್ದು ನೋಡಬೇಕಿತ್ತು ನೀವು. ಜೀವಮಾನ ಎಲ್ಲಾ ಮಂದಿಗೆ ಮಾರಿದ ಔಷಧದ ಮ್ಯಾಲೆ ಅವತ್ತು ಮೊದಲನೇ ಸಲ ಅವನಿಗೆ ನಂಬಿಕಿ ಬಂತು. ಹಿತ್ತಲಕ್ಕ ಓಡಿ, ಗಂಟಲಕ್ಕ ಬೆರಳು ಹಾಕಿ, "ಅಕ್ಕಾ, ಉಪ್ಪುನೀರು! ಅಕ್ಕಾ, ಗಾಡಿ ತರ್ಸು! ನಾ ತಿಂದೆ, ನಾನೇ ತಿಂದೆ!" ಅಂತ ಒದರಾಕ ಹತ್ತಿದ. ಗ್ವಾಡಿ ಮ್ಯಾಲೆ ಹೆಂಗಸ್ರ ತಲಿ ಸಾಲಾಗಿ ಎದ್ವು.

"ಬರೇ ಚಾಷ್ಟಿಲೇ! ಏನೂ ಹಾಕಿಲ್ಲ" ಅಂದೆ ನಾನು. ಅಷ್ಟೊತ್ತಿಗೆ ಅವ ಖಾಲಿ ಆಗಿದ್ದ.

ನಾ ಗೆದ್ದೆ ಅಂತ ತಿಳ್ಕೊಂಡಿದ್ದೆ. ಆಕಿ ಮುಖ ನೋಡಿದ ಮ್ಯಾಲೆ ಗೊತ್ತಾತು, ಲೆಕ್ಕ ತಪ್ಪೈತಿ ಅಂತ. ಕಡಬು ತಿಂದಾವ ತಮ್ಮ ಅಂದ್ರ ಇಲಿ ಉಪವಾಸ. ಅಷ್ಟರಾಗ ಮಷೀನಿನ ಹುಡುಗ ಬಂದು ಬಾಗ್ಲಾದಾಗ ನಿಂತ. ಆಕಿ ಅವನ ಕೈಯಾಗಿನ ಟಾರ್ಚ್ ಇಸ್ಕೊಂಡು ಡ್ರಮ್ಮಿನ ಹಿಂದ ಬೆಳಕು ಬಿಟ್ಳು. ಬಗ್ಗಿ, ಬಿಲದಾಗ ಬೆರಳು ಇಟ್ಳು. ಬೆರಳು ಒಳಗ ಹೋಗಲಿಲ್ಲ, ಕರ್ರಗಾಗಿ ಬಂತು.

"ಚಿತ್ರ ಬರದು ಊಟಕ್ಕ ಕರದ್ರೇನು?" ಅಂದ್ಳು.

ಆಮ್ಯಾಲೆ ಟಾರ್ಚ್ ಆ ಹುಡುಗನ ಕೈಗಿಟ್ಳು.

"ಮಷೀನ್ ಬ್ಯಾಡ. ತಗೊಂಡು ಹೋಗಪ್ಪ."

ಆ ಹುಡುಗ ಗಾಬರಿ ಬಿದ್ದು, ಟಾರ್ಚ್ ತಗೊಂಡು ಅಡಿಗಿಮನಿ ಎಲ್ಲಾ ನೋಡಿದ. "ಅಮ್ಮಾರ, ಇಲಿ ಸುಳಿವೇ ಇಲ್ಲ. ಇಷ್ಟು ಚಲೋ ಬಂದೋಬಸ್ತ್ ನಾ ಎಲ್ಲೂ ನೋಡಿಲ್ರೀ" ಅಂದ. ಇದು ಅವ ಅಂದದ್ದು, ನಾ ಹೇಳಿದ್ದಲ್ಲ.

"ಅದಕ್ಕ ಬ್ಯಾಡ ಅನ್ನಾಕ ಹತ್ತೀನಿ. ಹಸಿದದ್ದು ಹೊರಗ ಐತಿ."

ನಾನು ಕಬ್ಬಿಣದ ಹಾರಿ ತಗೊಂಡೆ. "ತಡಿ, ಒಂದು ಬಿಲ ಒಡದು ಕೊಡ್ತೀನಿ" ಅಂದೆ. ಆ ಹುಡುಗ, "ಒಡದ್ರ ನಾ ಹಚ್ಚಂಗಿಲ್ರೀ" ಅಂದ. ನಾನು ಹಾರಿ ಹಿಡ್ಕೊಂಡು ನಡುವ ನಿಂತೆ. ಒಂದು ಕಡಿ ಗಣಪ್ಪ, ಇನ್ನೊಂದು ಕಡಿ ಕಂಪನಿ.

ಆಕಿ ನನ್ನ ಕಡಿ ನೋಡಲಿಲ್ಲ. ಹೊಸಾ ತಟ್ಟಿಗೆ ಎರಡು ಕಡಬು ಹಾಕ್ಕೊಂಡು ತುಪ್ಪ ಬಿಟ್ಟು, ಹಿತ್ತಲಕ್ಕ ಹೊಂಟ್ಳು. "ನೀವು ಒಳಗಿನ ಬಾಯಿ ಮುಚ್ಚೀರಿ. ಅದು ಬರೋದು ಹೊರಗಿಂದಲ್ಲ? ಆ ಬಾಯಿ ಮುಚ್ಚೀರೇನು?"

ಮುಚ್ಚಿರಲಿಲ್ಲ. ಅಡಿಗಿಮನಿ ಗ್ವಾಡಿ ಬುಡಕ್ಕ, ಕಟ್ಟಿಗಿ ಒಟ್ಟಿದ ಹಿಂದ, ಅದೇ ಬಿಲದ ಹೊರಗಿನ ಬಾಯಿ ಬಾ ಅಂತ ತಕ್ಕೊಂಡು ಕುಂತಿತ್ತು. ಅದನ್ನ ಬಿಟ್ಟಿದ್ದು ಬೇಕಂತಲೇ ಅಂತ ಆಮ್ಯಾಲೆ ಓಣ್ಯಾಗ ಹೇಳೀನಿ, ನೀವೂ ಹಂಗೇ ತಿಳ್ಕೋರಿ. ಅಲ್ಲಿ ತಟ್ಟಿ ಇಟ್ಟು, ದೂರ ಸರದು, ಬಟ್ಟಿ ಒಗಿಯೋ ಕಲ್ಲಿನ ಮ್ಯಾಲೆ ಕುಂತ್ಳು. "ಅದು ಮುಟ್ಟಿದ್ರ ಮಷೀನ್. ಇಲ್ಲಾಂದ್ರ ಇಲ್ಲ" ಅಂದ್ಳು.

ಆ ಹುಡುಗಗ ಹಡಗಲಿಯಾಗ ಇನ್ನೊಂದು ಕೆಲಸ ಇತ್ತು. "ಇಲಿ ಊಟ ಮಾಡೋತನ ಕಾಯಾಕ ಆಗಂಗಿಲ್ಲ ಅಜ್ಜಾರ, ಹೊಂಟೆ" ಅಂದ. ಚಾ ಕುಡದು ಹೋಗು ಅಂತ ಕುಂದ್ರಿಸಿ, ನಾನು ಹೊರಗ ಹೋಗಿ ಅವನ ಬೈಕಿನ ಪ್ಲಗ್ಗಿನ ಟೊಪ್ಪಿಗಿ ಕಿತ್ತು ಅಂಗಿ ಕಿಸೆದಾಗ ಇಟ್ಕೊಂಡೆ. ಚಾ ಕುಡದು ಹೋಗಿ ಒದ್ದ, ಒದ್ದ, ಬೆವತು ಬಂದ. "ಬರೋವಾಗ ಚಲೋ ಇತ್ತಲ್ರೀ" ಅಂದ. "ಚೌತಿ ಮರುದಿನ ಗಾಡಿಗೂ ಜಡ ಇರ್ತೈತಿ, ಕುಂದ್ರು" ಅಂದೆ.

ಹಿತ್ತಲದಾಗ ಎಲ್ಲಾರೂ ಇಲಿಗೆ ಕಾಯಾಕ ಕುಂತ್ವಿ. ಇಂಥಾ ದರಿದ್ರ! ನನ್ನ ಸರ್ವಿಸಿನ್ಯಾಗ ಮಂತ್ರಿಗೂ ಹಿಂಗ ಕಾದಿಲ್ಲ. ಭಾವಮೈದ ನಿಂಬಿಹಣ್ಣಿನ ನೀರು ಹಿಡ್ಕೊಂಡು ಬಾಗ್ಲಾದಾಗ ವಾಲಿದ್ದ, "ಅದು ಹಗಲಲ್ಲಿ ಬರಲ್ಲಕ್ಕ, ಅದರ ಸ್ವಭಾವ ನನಗೆ ಗೊತ್ತು" ಅಂದ. "ನಿನ್ನ ಸ್ವಭಾವ ನೋಡಿದ್ವಲ್ಲ, ನೀ ಹಗಲಿನ್ಯಾಗೇ ಬಂದೀ" ಅಂದೆ. ಗ್ವಾಡಿ ಮ್ಯಾಲಿನ ತಲಿಗಳು ನಕ್ವು. ಈ ಸಲ ನಗೋದು ಯಾವಾಗ ಅಂತ ನಾನೇ ಹೇಳಿದ್ದೆ, ಅದಕ ಬಿಟ್ಟೆ.

ಕಾಗಿ ಬಂತು. ಆಕಿ ಎದ್ದು ಸೆರಗು ಬೀಸಿ ಓಡಿಸಿದ್ಳು. ಬೆಕ್ಕು ಬಂತು. ಕಲ್ಲು ಎತ್ತಾಕ ಹೋದ್ಲು, ಬೆರಳು ಮಡಚಲಿಲ್ಲ, ಕಲ್ಲು ಜಾರಿ ಬಿತ್ತು. ಮತ್ತ ಎತ್ತಿದ್ಳು, ಮತ್ತ ಜಾರಿತು. ನಾನು ಎದ್ದು ಹೋಗಿ ಬೆಕ್ಕು ಬೆದರಿಸಿದೆ. ಇಲಿ ಉಣ್ಣಲಿ ಅಂತ ಬೆಕ್ಕು ಓಡಿಸಿದ ಗಂಡಸು ಈ ಭೂಮಿ ಮ್ಯಾಲೆ ನಾನೊಬ್ಬನೇ ಇರಬೇಕು.

ಬಿಸಿಲು ಗ್ವಾಡಿಯಿಂದ ಇಳದ ಮ್ಯಾಲೆ ಕಟ್ಟಿಗಿ ಹಿಂದ ಏನೋ ಸರಕ್ಕಂತು. ಇಲಿ ಅಲ್ಲ, ಹೆಗ್ಗಣ. ಗೌಡನಂಗ ಹೊಟ್ಟಿ ಬಿಟ್ಕೊಂಡು ಹೊರಗ ಬಂತು. ಮೈ ಮ್ಯಾಲೆ ಮಣ್ಣು, ಒಂದು ಕಿವಿ ಹರದಿತ್ತು. ನಮ್ಮನ್ನೆಲ್ಲಾ ಒಂದು ಸುತ್ತು ನೋಡಿತು. ಅದರ ಕಣ್ಣಾಗ ನಮಗ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ನಾನು ಅದನ್ನ ನೋಡಿದ್ದೂ ಹಂಗೇ, ಅದಕ್ಕೂ ತಿಳಿತು. ಒಂದು ಕಡಬು ಕಚ್ಚಿ ಒಳಗ ಎಳಕೊಂಡು ಹೋತು. ತಿರುಗಿ ಬಂದು ಇನ್ನೊಂದನ್ನೂ ಒಯ್ತು. ಹೋಗೋವಾಗ ತಟ್ಟಿ ಮಗುಚಿ ಹೋತು. ಹೇಳಿದ್ನಲ್ಲ, ಉಂಡ ಮನಿಗೆ ಮರ್ಯಾದಿ ಇಲ್ಲದ ಜಾತಿ.

ಆಕಿ ಎದ್ಲು. ಕಣ್ಣು ಒರಸ್ಕೊಂಡು, "ಹಚ್ಚಪ್ಪ" ಅಂದ್ಳು.

ಹುಡುಗ ಡಬ್ಬಿ ಟೇಪ್ ಕೊಯ್ಯಾಕ ಕತ್ತರಿ ತಗದ್ರ, "ಇವತ್ತು ಕತ್ತರಿ ಮುಟ್ಟಂಗಿಲ್ಲ" ಅಂತ ಕಸಕೊಂಡ್ಳು. ಉಗುರಿಲೆ ಕೆರದು ಕೆರದು ಬಿಚ್ಚಿದ ಪಾಪ. ನೀರಿನ ಪೈಪಿಗೆ ಗ್ವಾಡಿ ತೂತು ಹೊಡೀತೀನಿ ಅಂದಾಗ ನಾನು ಅಡ್ಡ ನಿಂತೆ. "ನನ್ನ ಗ್ವಾಡಿ ಮುಟ್ಟಿದ್ರ ನಿನಗೂ ಗಾಜು ತುರುಕತೀನಿ" ಅಂದೆ. ಸಿಂಕಿನ ಕೆಳಗೇ ಜೋಡಿಸಿದ. ಎಲ್ಲಾ ಮುಗದ ಮ್ಯಾಲೆ ಹೊರಗ ಹೋಗಿ ಬೈಕ್ ಒದಿಯಾಕ ಹತ್ತಿದ. "ಸರಿ ಆ ಕಡಿ" ಅಂತ ನಾನು ಬಗ್ಗಿ, ಟೊಪ್ಪಿಗಿ ಸಿಗಿಸಿ, ಒಂದೇ ಒದಿ. ಭರ್ರಂತು. "ಮೆಕ್ಯಾನಿಕ್ ಕೆಲಸಾನೂ ಬರ್ತೈತೇನ್ರಿ ಅಜ್ಜಾರ?" ಅಂತ ಕೈ ಮುಗದು ಹೋದ.

ಒಳಗ ಮಷೀನು ಗುರ್ ಅಂತಿತ್ತು. ಆಕಿ ಅದರ ಮುಂದ ಕುಂದ್ರೋ ಮಣಿ ಹಾಕ್ಕೊಂಡು ಕುಂತಿದ್ಳು. ನನ್ನ ಮ್ಯಾಲಿನ ಸಿಟ್ಟು ಇನ್ನೂ ಇಳದಿರಲಿಲ್ಲ. ಅದು ನಿಂತ ಮ್ಯಾಲೆ 'ತಗೀರಿ' ಅಂತ ಗದ್ದ ಎತ್ತಿ ಸನ್ನಿ ಮಾಡಿದ್ಳು. ತಗದೆ. ಹಬಿ ಬಂತು. ಒಂದು ತಟ್ಟಿ ಕೊಟ್ಟೆ. ತಳ ನೋಡಿದ್ಳು, ಅಂಚು ನೋಡಿದ್ಳು, ಬಯ್ಯಾಕ ಏನೂ ಸಿಗಲಿಲ್ಲ. ತಟ್ಟಿ ಬಿಸಿ ಇತ್ತು. ಅದನ್ನ ಎರಡೂ ಕೈಲೆ ಹಿಡದು, ಗಂಟು ಕಟ್ಟಿದ ಬೆರಳಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕುಂತ್ಳು.

ಅದು ಆರಿದ ಮ್ಯಾಲೆ ನನ್ನ ಕೈಗೆ ವಾಪಸ್ ಕೊಟ್ಟು, "ಇನ್ನೊಂದು ಬಿಸೇದು ಕೊಡ್ರಿ" ಅಂದ್ಳು. ಇದಕ್ಕೂ ಒಬ್ಬ ಆಳು ಬೇಕೇನು, ಎಂಥಾ ಕೆಲಸಕ್ಕ ಬಾರದ ಮಷೀನಿದು ಅಂತ ಪಡಸಾಲ್ಯಾಗಿನ ಹರಪನಹಳ್ಳಿ ಇಲಿಗೂ ಕೇಳೋಹಂಗ ಗೊಣಗಿ, ತಗದು ಕೊಟ್ಟೆ.